ಅಜ್ಜಿ ಗಾಂಧೀಜಿಗೆ ಬಳೆ ಕೊಟ್ಟ ಕಥೆ: ಮೊದಲು ವರ್ಷ ಸರಿಮಾಡಿಕೊಳ್ಳಿ

ನಿಮ್ಮ ಮುತ್ತಜ್ಜಿ 1930ರಲ್ಲಿ ಉಡುಪಿಗೆ ಬಂದ ಗಾಂಧೀಜಿಗೆ ಚಿನ್ನದ ಬಳೆ ಬಿಚ್ಚಿಕೊಟ್ಟರು, ಇದು ನಿಜವಾ ಅಂತ ಕೇಳಿದ್ದೀರಿ. ವರ್ಷ ತಪ್ಪಾಗಿದೆ. 1930ರ ಮೇ ತಿಂಗಳಲ್ಲಿ ಗಾಂಧೀಜಿಯ ಬಂಧನವಾಯಿತು, ಹೊರಬಂದಿದ್ದು 1931ರ ಜನವರಿಯಲ್ಲಿ. ಉಡುಪಿಗೆ ಬಂದಿದ್ದು ಅಸ್ಪೃಶ್ಯತೆ ನಿವಾರಣೆಗೆ ಹಣ ಕೂಡಿಸಿದ ಹರಿಜನ ನಿಧಿಯ ಪ್ರವಾಸದಲ್ಲಿ, 1934ರ ಫೆಬ್ರವರಿ ಕೊನೆಗೆ. ಹಾಗಂತ ಕಥೆಯೇ ಸುಳ್ಳು ಅಂದುಕೊಳ್ಳಬೇಡಿ. ಆ ಪ್ರವಾಸದಲ್ಲಿ ಹೆಂಗಸರು ಒಡವೆ ಕೊಡುತ್ತಿದ್ದರು, ಅದನ್ನು ಸಭೆಯಲ್ಲೇ ಹರಾಜು ಹಾಕುತ್ತಿದ್ದರು. ಮನೆಯವರ ನೆನಪಿನಲ್ಲಿ ವರ್ಷ ಜಾರುವುದು ಜಾಸ್ತಿ, ಬಳೆ ಜಾರುವುದು ಕಡಿಮೆ.

ಮೊದಲು ಮನೆಯಲ್ಲೇ ಕೂತು ಗಾಂಧೀಜಿಯವರ ‘ಹರಿಜನ’ ಪತ್ರಿಕೆಯ 1934ರ ಮಾರ್ಚ್ ಸಂಚಿಕೆಗಳನ್ನು ಓದಿ. ಗಾಂಧಿ ಹೆರಿಟೇಜ್ ಪೋರ್ಟಲ್ ಎಂಬ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಆಮೇಲೆ ಆ ಕಾಲದ ಮಂಗಳೂರಿನ ವಾರಪತ್ರಿಕೆಗಳು: ‘ರಾಷ್ಟ್ರಬಂಧು’, ‘ಸ್ವದೇಶಾಭಿಮಾನಿ’. ಉಡುಪಿ ಎಂ.ಜಿ.ಎಂ. ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ವಿಚಾರಿಸಿ. ಸುಮ್ನೆ ‘ಹಳೇ ಪೇಪರ್ ಇದೆಯಾ’ ಅಂದರೆ ಇಲ್ಲ ಅಂತಾರೆ. ಪತ್ರಿಕೆಯ ಹೆಸರು, ತಿಂಗಳು, ವರ್ಷ ಬರೆದುಕೊಂಡು ಹೋಗಿ. ಆಗ ಉಡುಪಿಯೂ ಸೇರಿದ್ದ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಅಲ್ವಾ? ಹಾಗಾಗಿ ಚೆನ್ನೈನ ‘ದಿ ಹಿಂದೂ’ವನ್ನೂ, ಅಲ್ಲಿನ ಕನ್ನೆಮರಾ ಗ್ರಂಥಾಲಯವನ್ನೂ ಬಿಡಬೇಡಿ.

ಮುತ್ತಜ್ಜಿಯ ಹೆಸರನ್ನಷ್ಟೇ ಹುಡುಕಬೇಡಿ. ‘ಇಂಥವರ ಪತ್ನಿ’ ಅಂತ ಗಂಡನ ಹೆಸರಲ್ಲೋ, ಮನೆತನದ ಹೆಸರಲ್ಲೋ ಅಚ್ಚಾಗಿರಬಹುದು. ಸಿಕ್ಕರೆ ಪುಟದ ಫೋಟೊ ಜೊತೆಗೆ ಪತ್ರಿಕೆಯ ಹೆಸರು, ತಾರೀಕು ಕಾಣುವ ಮೊದಲ ಪುಟವನ್ನೂ ತೆಗೆದುಕೊಳ್ಳಿ. ಹೆಸರು ಸಿಗದಿದ್ದರೂ ಬೇಜಾರಾಗಬೇಡಿ, ಬಳೆ ಕೊಟ್ಟ ಎಲ್ಲರ ಹೆಸರೂ ಅಚ್ಚಾಗಲಿಲ್ಲ.