ಮಗು ತನ್ನ ಮಾತು ಬರೆಯಲಿ

ಇಂಡಿ ತಾಲ್ಲೂಕಿನ ನಿವೃತ್ತ ಶಿಕ್ಷಕರೊಬ್ಬರ ಪತ್ರ: "ನನ್ನ ಮೊಮ್ಮಗ ಎರಡನೇ ಇಯತ್ತೆ. ಅ ಆ ಇ ಈ ಬಿಟ್ಟು ರ ಗ ಸ ದ ಅಂತ ಕಲಿಸಿದ್ದಾರೆ. ಪಾಟಿಯ ಮೇಲೆ ತಿದ್ದಿಸುವುದಿಲ್ಲ, ಕಾಗುಣಿತದ ಬಳ್ಳಿ ಬಾಯಿಪಾಠ ಮಾಡಿಸುವುದಿಲ್ಲ. ನಾವು ದಿನಾ ಒಂದು ಪುಟ ನೋಡಿ ಬರೆಸುತ್ತಿದ್ದೆವು. ಈಗಿನ ಹುಡುಗರ ಅಕ್ಷರ ನೋಡುವ ಹಾಗಿಲ್ಲ. ಹಳೆ ಪದ್ಧತಿ ತರಬೇಕೆಂದು ನೀವೇಕೆ ಬರೆಯಬಾರದು?"

ಗುರುಗಳೇ, ನಿಮ್ಮ ಪತ್ರದ ಅಕ್ಷರ ನೋಡಿಯೇ ಖುಷಿಯಾಯಿತು. ಇಡೀ ಪತ್ರದಲ್ಲಿ ಒಂದು ಕಡೆಯೂ ಹೊಡೆದು ಹಾಕಿಲ್ಲ. ದುಂಡಗೆ ಬರೆಯಲು ಕಲಿಸಬೇಕು, ಕಾಗುಣಿತ ಬಾಯಿಗೆ ಬರಬೇಕು, ಒಪ್ಪಿದೆ. ಆದರೆ ಹಳೆ ಪದ್ಧತಿ ತನ್ನಿ ಅಂತ ಮಾತ್ರ ನಾನು ಬರೆಯಲಾರೆ.

ಮೊದಲು ರ ಗ ಸ ದ ವಿಚಾರ. ಇದು ನಲಿ-ಕಲಿಯ ಕ್ರಮ, ಅಂದರೆ ಸರ್ಕಾರಿ ಸಾಲಿಗಳಲ್ಲಿ ಚಿಕ್ಕ ಮಕ್ಕಳಿಗೆ ಚಟುವಟಿಕೆಯ ಮೂಲಕ ಕಲಿಸುವ ಪದ್ಧತಿ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾಯಿತು. ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದ ಸರ್ಕಾರಿ ಶಿಕ್ಷಕರೇ ಕೂತು ಕಟ್ಟಿದ್ದು. ರ, ಗ, ಸ, ದ, ಅ ಬಂದರೆ ಸಾಕು, ಮಗು ಸರ, ಅರಸ, ಅಗಸ, ಗರಗಸ ಎಲ್ಲಾ ಓದುತ್ತದೆ. ಅ ಆ ಇ ಈ ಉ ಊ ಕಲಿತ ಮಗು ಏನು ಓದೀತು, ನೀವೇ ಹೇಳಿ. ನಮ್ಮ 34 ವ್ಯಂಜನಕ್ಕೆ ತಲಾ 15ರಂತೆ ಕಾಗುಣಿತ ಬರೆದರೆ 510 ಆಕಾರ. ಒತ್ತಕ್ಷರ ಬೇರೆ. ಕನ್ನಡ ಓದಲು ಕಲಿಯುವ ಮಕ್ಕಳ ಬಗ್ಗೆ ಸಂಶೋಧಕಿ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದು ಒಂದೆರಡು ವರ್ಷದಲ್ಲಿ ಮುಗಿಯುವ ಕೆಲಸ ಅಲ್ಲ ಅನ್ನುತ್ತದೆ. ಅಷ್ಟೂ ಬರಲಿ, ಆಮೇಲೆ ಓದಿಸೋಣ ಅಂತ ಕೂತರೆ ಮಗುವಿಗೆ ಬೇಜಾರು ಬಂದುಬಿಡುತ್ತದೆ.

ನನ್ನ ಜಗಳ ಇರುವುದು ನೋಡಿ ಬರೆಸುವುದರ ಮೇಲೆ. ನಮ್ಮ ಜಿಲ್ಲೆಯ ಒಂದು ಸಾಲಿಯಲ್ಲಿ ಎರಡನೇ ಇಯತ್ತೆಯ ಹುಡುಗಿಯೊಬ್ಬಳು ನನಗೆ ತನ್ನ ವಹಿ ತೋರಿಸಿದಳು. ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. ಒಂದು ಸಾಲಿನ ನಡುವಿನ ಶಬ್ದಕ್ಕೆ ಬೆರಳಿಟ್ಟು "ಇದೇನವ್ವಾ?" ಅಂದೆ. ಅವಳು ಪುಟದ ಮೊದಲಿನಿಂದ ಹೇಳುತ್ತಾ ಬಂದಳು. ನನ್ನ ಬೆರಳಿದ್ದ ಶಬ್ದ ಬಂತು, ಹೋಯಿತು, ಅವಳು ನಿಲ್ಲಲೇ ಇಲ್ಲ. ಪುಟದ ಕೊನೆಗೆ ಹೋಗಿ ನನ್ನ ಮುಖ ನೋಡಿದಳು. ಪಾಠ ಪೂರಾ ಬಾಯಲ್ಲಿತ್ತು, ಪೂರಾ ಕೈಯಲ್ಲಿತ್ತು. ಓದು ಮಾತ್ರ ಇರಲಿಲ್ಲ. ಆ ಹುಡುಗಿಗೆ ಇನ್ನೂ ಹತ್ತು ಪುಟ ನೋಡಿ ಬರೆಸಿದರೆ ಏನು ಬಂತು?

ಬಸವನ ಬಾಗೇವಾಡಿ ಕಡೆಯ ಇನ್ನೊಂದು ಸಾಲಿಯಲ್ಲಿ ಅಕ್ಕೋರು ಬೆಳಿಗ್ಗೆ ಹಲಗೆಯ ಮುಂದೆ ನಿಂತು "ಇವತ್ತೇನು ಸುದ್ದಿ?" ಅಂತ ಕೇಳುತ್ತಾರೆ. "ನಮ್ಮ ಆಡು ಎರಡು ಮರಿ ಹಾಕೇತ್ರಿ" ಅಂತ ಒಬ್ಬ. "ನಮ್ಮಪ್ಪ ಗೋವಾಕ್ಕ ದುಡಿಯಾಕ ಹೋಗ್ಯಾನ್ರಿ" ಅಂತ ಇನ್ನೊಬ್ಬ. ಹೇಳಿದ ಹಾಗೇ ಹಲಗೆಯ ಮೇಲೆ ಬರೆಯುತ್ತಾರೆ. ತಮ್ಮ ಮಾತು ಹಲಗೆಯ ಮೇಲೆ ಕಂಡಾಗ ಮಕ್ಕಳು ಅದನ್ನು ಓದುವ ಹುರುಪು ನೋಡಬೇಕು! ಗೋವಾಕ್ಕೆ ಹೋದವನ ಮಗ ಎದ್ದು ಬಂದು "ಅಪ್ಪ" ಅನ್ನುವುದನ್ನು ಬೆರಳಿಂದ ತಿದ್ದಿ, ಕೆಳಗಿನ ಪ ಒತ್ತು ತೋರಿಸಿ "ಇದ್ಯಾಕ್ರಿ?" ಅಂದ. ಅವತ್ತೇ ಅವನಿಗೆ ಒತ್ತಕ್ಷರ ಬಂತು. ಒತ್ತಕ್ಷರ ಕಷ್ಟ, ಅದು ಕೊನೆಗೆ ಇರಲಿ ಅಂತ ನಾವು ಮುಂದೂಡುತ್ತೇವೆ. ಮಗು ಮೊದಲು ಬರೆಯಬೇಕೆನ್ನುವುದು ಅಪ್ಪ, ಅವ್ವ, ಅಣ್ಣ, ಅಕ್ಕ, ತಮ್ಮ. ಒತ್ತಿಲ್ಲದ್ದು ಒಂದಾದರೂ ಇದೆಯಾ?

ನೀವು ಇಂಡಿ ಸೀಮೆಯವರು, ಹಲಸಂಗಿ ಗೆಳೆಯರ ವಿಷಯ ನಿಮಗೆ ನಾನು ಹೇಳಬೇಕೇ? ಬೀಸುವ ಕಲ್ಲಿನ ಮುಂದೆ ಕೂತ ಹೆಣ್ಣುಮಕ್ಕಳ ಹಾಡನ್ನು ಅವರು ಬರೆದುಕೊಂಡರು. ಓದು ಬರಹ ಬಾರದವರ ಬಾಯಿಮಾತು 1931ರಲ್ಲಿ ಗರತಿಯ ಹಾಡು ಆಗಿ ಅಚ್ಚಾಯಿತು. ಗರತಿಯರಿಗೆ ಸಿಕ್ಕ ಆ ಮರ್ಯಾದೆ ಎರಡನೇ ಇಯತ್ತೆಯ ಹುಡುಗನಿಗೂ ಸಿಗಲಿ ಅನ್ನುತ್ತೇನೆ, ಅಷ್ಟೇ. ತಪ್ಪು ಬರೆಯಲಿ. ಮನೆಯನ್ನು ಮನಿ ಅಂತ ಬರೆಯಲಿ. ಮೊದಲ ದಿನವೇ ಕೆಂಪು ಶಾಯಿ ಹಚ್ಚಬೇಡಿ. ನೀವು ಕೂಡ, ಗುರುಗಳೇ.

ಇದಕ್ಕೆಲ್ಲ ಅಕ್ಕೋರಿಗೆ ಪುರಸೊತ್ತು ಬೇಕಲ್ಲ? ನಲಿ-ಕಲಿಯಲ್ಲಿ ಒಂದು, ಎರಡು, ಮೂರನೇ ಇಯತ್ತೆ ಒಂದೇ ಕೋಣೆಯಲ್ಲಿ. ಅದರ ಜೊತೆ ಬಿಸಿಯೂಟದ ಲೆಕ್ಕ, ಆ್ಯಪಿಗೆ ಮಾಹಿತಿ, ಚುನಾವಣೆ ಬಂದರೆ ಮತಗಟ್ಟೆ. 2025ರ ದಸರಾದಲ್ಲಿ ಶಿಕ್ಷಕರನ್ನು ಜಾತಿ ಸಮೀಕ್ಷೆಗೆ ಹಚ್ಚಿದರು. ಅದು ಮುಗಿಯಲಿಲ್ಲ ಅಂತ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ಆಗಷ್ಟೇ ಕಬ್ಬಿನ ಹಂಗಾಮು ಶುರುವಾಗುತ್ತದೆ, ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಮಕ್ಕಳೂ ಹೊರಡುತ್ತಾರೆ. ಸಾಲಿ ಬಾಗಿಲು ತೆಗೆಯುವ ಹೊತ್ತಿಗೆ ಎಷ್ಟೋ ಮಕ್ಕಳು ಊರಲ್ಲೇ ಇರುವುದಿಲ್ಲ. ಕೊನೆಗೆ ಬೈಗುಳ ಮಾತ್ರ ಶಿಕ್ಷಕರಿಗೆ. ನನಗೆ ಇದು ಸಹಿಸಲಾಗದ ಅನ್ಯಾಯ.

ಪುಸ್ತಕದ ಕತೆಯೂ ಅದೇ. ಸರ್ಕಾರ ಗ್ರಂಥಾಲಯಕ್ಕೆ ಅಂತ ಪುಸ್ತಕ ಕಳಿಸುತ್ತದೆ. ಹರಿದರೆ ಲೆಕ್ಕ ಕೊಡಬೇಕಾದೀತು ಅಂತ ಹೆದರಿ ಎಷ್ಟೋ ಕಡೆ ಕಪಾಟಿಗೆ ಕೀಲಿ ಹಾಕಿಡುತ್ತಾರೆ. ನಿಮ್ಮೂರ ಸಾಲಿಗೆ ಒಮ್ಮೆ ಹೋಗಿ ಕಪಾಟು ತೆಗೆಸಿ. ಹಳೆ ಗುರುಗಳು ಕೇಳಿದರೆ ಇಲ್ಲ ಅನ್ನಲಾರರು. ಮಧ್ಯಾಹ್ನ ಒಂದು ತಾಸು ಮಕ್ಕಳ ನಡುವೆ ಕೂತು ಗಟ್ಟಿಯಾಗಿ ಕತೆ ಓದಿ ಹೇಳಿ. ಏನಾಯಿತು ಅಂತ ನಮಗೆ ಮತ್ತೊಂದು ಪತ್ರ ಬರೆಯಿರಿ.

— ಸಂಪಾದಕ