ಮನೆಮನೆಗೆ ಹೋಗುವ ನಡಾವಳಿ ಪುಸ್ತಕ

ನಾನು ಆಪ್ತಸಲಹೆಗಾರ್ತಿ. ಎರಡು ವರ್ಷದಲ್ಲಿ ನನ್ನ ಬಳಿ ಬಂದ ಇಂಥ ನಾಲ್ಕನೇ ಪ್ರಕರಣ ಇದು. ನಾಲ್ವರೂ ಸಂಬಳವಿಲ್ಲದೆ ದುಡಿಯುವವರು. ಯಾವುದಾದರೊಂದು ಸೇವಾಸಂಸ್ಥೆಯ ಅಧ್ಯಕ್ಷರೋ ಕಾರ್ಯದರ್ಶಿಯೋ ಖಜಾಂಚಿಯೋ ಆಗಿದ್ದವರು. ನಾಲ್ವರೂ ನಿದ್ದೆ ಬರುವುದಿಲ್ಲ ಅಂತ ಬಂದರು. ಮೊದಲ ದಿನ ನಾಲ್ವರೂ ಆಡಿದ ಮಾತು ಹೆಚ್ಚುಕಡಿಮೆ ಒಂದೇ: "ನಾನು ಬಿಟ್ಟರೆ ಸಂಸ್ಥೆ ಮುಚ್ಚಿಹೋಗುತ್ತೆ."

ಅದಕ್ಕೇ ಬರೆಯುತ್ತಿದ್ದೇನೆ. ಇದು ಅವರಲ್ಲಿ ಒಬ್ಬರ ಕಥೆ. ಅವರು ಒಪ್ಪಿಗೆ ಕೊಟ್ಟಿದ್ದಾರೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಸಾಗರವೋ ಹೊಸನಗರವೋ ತೀರ್ಥಹಳ್ಳಿಯೋ, ಯಾವ ತಾಲೂಕು ಅಂತಲೂ ಹೇಳುವುದಿಲ್ಲ. ಮೂರರಲ್ಲಿ ಎಲ್ಲಿ ಬೇಕಾದರೂ ನಡೆಯುವಂಥದ್ದು.

ಅವರನ್ನು ಅಕ್ಕೋರು ಅಂತಲೇ ಕರೆಯುತ್ತೇನೆ. ನಿವೃತ್ತ ಶಾಲಾ ಶಿಕ್ಷಕಿ, ಅರವತ್ತು ದಾಟಿದೆ. ಒಂಟಿಯಾಗಿರುವ ಹಿರಿಯರನ್ನು ನೋಡಿಕೊಳ್ಳುವ ಒಂದು ಸಣ್ಣ ಸಂಸ್ಥೆಗೆ ಹತ್ತು ವರ್ಷದಿಂದ ಅಧ್ಯಕ್ಷೆ. ಮಲೆನಾಡಿನಲ್ಲಿ ಈ ಕೆಲಸ ಎಷ್ಟು ಬೇಕಾಗಿದೆ ಅಂತ ಇಲ್ಲಿನವರಿಗೆ ಹೇಳಬೇಕಿಲ್ಲ. ಮಕ್ಕಳು ಬೆಂಗಳೂರಿನಲ್ಲಿ. ತೋಟದ ಮನೆಯಲ್ಲಿ ಅಪ್ಪ ಅಮ್ಮ, ಎಷ್ಟೋ ಕಡೆ ಇಬ್ಬರಲ್ಲಿ ಒಬ್ಬರೇ. ಕೂಗಿದರೆ ಕೇಳಿಸುವಷ್ಟು ಹತ್ತಿರ ಇನ್ನೊಂದು ಮನೆ ಇರುವುದಿಲ್ಲ. ಜುಲೈ ಮಳೆಯಲ್ಲಿ ಕರೆಂಟು, ಫೋನು ಎರಡೂ ಹೋದರೆ ಮುಗಿಯಿತು. ಈ ಸಂಸ್ಥೆ ಮೂವತ್ತೊಂದು ಹಿರಿಯರಿಗೆ ಮಧ್ಯಾಹ್ನದ ಊಟ ತಲುಪಿಸುತ್ತದೆ. ಔಷಧಿ ತಂದುಕೊಡುತ್ತದೆ. ಬೇಕಾದಾಗ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತದೆ. ನಾಲ್ಕು ಜನ ಸಂಬಳದ ಕೆಲಸಗಾರರು. ಸಮಿತಿಯಲ್ಲಿ ಒಂಬತ್ತು ಜನ.

ಮೊದಲ ಎರಡು ಭೇಟಿಯಲ್ಲಿ ವಿಶೇಷ ಏನೂ ನಡೆಯಲಿಲ್ಲ. ಥೈರಾಯ್ಡ್, ಬಿಪಿ ನೋಡಿಸಿಕೊಂಡು ಬನ್ನಿ ಅಂದೆ. ಬದುಕು ಸಾಕು ಅನ್ನುವ ಯೋಚನೆ ಬರುತ್ತದಾ ಅಂತ ನೇರವಾಗಿ ಕೇಳಿದೆ. ಇಲ್ಲ ಅಂದರು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ ನಂಬರು 14416 ಬರೆದುಕೊಟ್ಟೆ. ಅದು ಉಚಿತ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿಯೂ ಇರುತ್ತದೆ. ಎಚ್ಚರವಾಗಿರುವ ರಾತ್ರಿಗಳನ್ನು ಒಂದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಿ ಅಂತಲೂ ಹೇಳಿದ್ದೆ. ಅವರು ಟೀಚರ್ ಅಲ್ವಾ, ಗೆರೆ ಹೊಡೆದು ಅಚ್ಚುಕಟ್ಟಾಗಿ ಬರೆದು ತಂದಿದ್ದರು. ನೋಡಿದರೆ ಗುರುತುಗಳೆಲ್ಲ ತಿಂಗಳ ಕೊನೆಯ ವಾರದಲ್ಲೇ. ಸಂಬಳ ಕೊಡುವ ದಿನ ಹತ್ತಿರ ಬಂದಾಗ.

ಮೂರನೇ ಭೇಟಿಯಲ್ಲಿ ಅಲ್ಲಿಂದಲೇ ಶುರು ಮಾಡಿದೆ.

"ಕಳೆದ ಸಮಿತಿ ಸಭೆಯಲ್ಲಿ ಸಂಬಳದ ವಿಷಯ ಬಂದಾಗ ಯಾರು ಏನಂದ್ರು?"

"ಯಾರೂ ಏನೂ ಅನ್ನಲಿಲ್ಲ."

"ಎಲ್ಲರೂ ಸುಮ್ನೆ ಕೂತಿದ್ರಾ?"

ಅಕ್ಕೋರು ಸ್ವಲ್ಪ ಹೊತ್ತು ಸೆರಗಿನ ತುದಿ ನೋಡುತ್ತಿದ್ದರು. "ಸಭೆ ಅಂತ ಕೂರೋದಿಲ್ಲ ಮೇಡಂ. ಸಭೆಯ ನಡಾವಳಿ ಪುಸ್ತಕ ಮನೆಮನೆಗೆ ಹೋಗುತ್ತೆ. ಊಟದ ಗಾಡಿ ಹೋಗುವಾಗ ಡ್ರೈವರ್ ಕೈಯಲ್ಲಿ ಕೊಟ್ಟು ಕಳಿಸ್ತೀನಿ. ಕ್ಯಾರಿಯರ್ ಕೊಟ್ಟು ಬರೋ ದಾರಿಯಲ್ಲಿ ಸಹಿ ಹಾಕಿಸ್ಕೊಂಡು ಬರ್ತಾನೆ."

"ಯಾವಾಗಿಂದ?"

"2020ರಲ್ಲಿ ಶುರುವಾಯ್ತು. ಕೊರೋನಾ ಅಲ್ವಾ, ಸೇರೋ ಹಾಗೇ ಇರಲಿಲ್ಲ. ಆಮೇಲೆ ಅದೇ ರೂಢಿಯಾಯ್ತು."

"ನಡಾವಳಿ ಬರೆಯೋದು ಯಾರು?"

"ನಾನೇ. ಕಾರ್ಯದರ್ಶಿಗಳಿಗೆ ವಯಸ್ಸಾಗಿದೆ, ಕೈ ನಡುಗುತ್ತೆ."

"ಸೂಚಿಸಿದವರು ಇಂಥವರು, ಅನುಮೋದಿಸಿದವರು ಇಂಥವರು ಅಂತ ಇರುತ್ತಲ್ಲ, ಅದು?"

"ಅದೂ ನಾನೇ. ಒಂದು ಸಲ ಒಬ್ಬರ ಹೆಸರು, ಇನ್ನೊಂದು ಸಲ ಇನ್ನೊಬ್ಬರದ್ದು. ಯಾರಿಗೂ ಬೇಜಾರಾಗದ ಹಾಗೆ."

ಇಷ್ಟು ಹೇಳಿ ನಿಲ್ಲಿಸಿದರು. ನಾನೂ ಮಾತಾಡಲಿಲ್ಲ. ಒಂದೆರಡು ನಿಮಿಷ ಆಗಿರಬೇಕು. ಆಮೇಲೆ ತಲೆ ಎತ್ತಿ, ತಮಗೇ ಹೇಳಿಕೊಳ್ಳುವ ಹಾಗೆ ಅಂದರು: "ಹಾಗಾದ್ರೆ ಐದು ವರ್ಷದಿಂದ ಒಂಬತ್ತು ಜನರ ಸಭೆನ ನಾನೊಬ್ಬಳೇ ಕೂತು ಮಾಡ್ತಾ ಇದ್ದೀನಿ."

ಅವತ್ತಿನವರೆಗೆ ಅವರ ದೂರು ಬೇರೆ ಇತ್ತು. ಸಮಿತಿಯವರು ಯಾರೂ ಬರುವುದಿಲ್ಲ, ಯಾರಿಗೂ ಆಸಕ್ತಿಯಿಲ್ಲ, ಎಲ್ಲ ನನ್ನ ತಲೆ ಮೇಲೆ ಅಂತ. ಯಾರೂ ಬರದೇ ಇದ್ದದ್ದಲ್ಲ, ಯಾರನ್ನೂ ಕರೆದೇ ಇರಲಿಲ್ಲ ಅನ್ನುವುದು ಅವರ ಬಾಯಿಂದಲೇ ಬಂತು. ನಾನು ಹೇಳಿದ್ದರೆ ಅವರು ಒಪ್ಪುತ್ತಿರಲಿಲ್ಲ.

ಯಾಕೆ ಕರೆಯಲಿಲ್ಲ ಅಂತ ಕೇಳಿದೆ. ಕೊನೆಯ ನಿಜವಾದ ಸಭೆಯಲ್ಲಿ ಒಬ್ಬ ಸದಸ್ಯರು, ಅಡಿಕೆ ವ್ಯಾಪಾರಿ, ಗ್ಯಾಸ್ ಬಿಲ್ಲು ಹಿಡಿದು ಕೇಳಿದ್ದರಂತೆ, "ಈ ತಿಂಗಳು ಎರಡು ಸಿಲಿಂಡರ್ ಜಾಸ್ತಿ ಯಾಕೆ?" ಅಷ್ಟೇ ಪ್ರಶ್ನೆ. ಅಕ್ಕೋರಿಗೆ ಕಳ್ಳಿ ಅಂದ ಹಾಗಾಯಿತು. "ಬಿಸಿಯೂಟದ ಲೆಕ್ಕ ಬರೆದವಳು ನಾನು. ಒಂದು ಕಾಳು ಅಕ್ಕಿ ಹೆಚ್ಚುಕಮ್ಮಿ ಆಗಿಲ್ಲ." ಅದನ್ನು ಹೇಳುವಾಗ ಐದು ವರ್ಷ ಹಳೆಯ ಆ ಪ್ರಶ್ನೆಗೆ ಅವರ ಗಂಟಲು ಕಟ್ಟಿತು.

ಆಮೇಲೆ ದುಡ್ಡಿನ ವಿಷಯ ಹೊರಗೆ ಬಂತು. ಇಂಥ ಸಂಸ್ಥೆಗಳಿಗೆ ದೇಣಿಗೆ ಬರುವುದು ದೀಪಾವಳಿ ಕಳೆದು ಕೊಯ್ಲಾಗಿ, ಅಡಿಕೆ ಮಂಡಿಗೆ ಹೋದ ಮೇಲೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೈ ಖಾಲಿ. ಆಗ ತೋಟದವರಿಗೇ ಕೊಳೆರೋಗಕ್ಕೆ ಔಷಧಿ ಹೊಡೆಸುವ ಖರ್ಚು. ಎಲೆಚುಕ್ಕಿ ರೋಗ ಬಂದ ಮೇಲಂತೂ ತಪ್ಪದೆ ಕೊಡುತ್ತಿದ್ದವರೂ ಕೈ ಬಿಗಿ ಹಿಡಿದಿದ್ದಾರೆ. ಆದರೆ ಸಂಸ್ಥೆಯ ಕೆಲಸ ಜಾಸ್ತಿಯಾಗುವುದೇ ಆ ನಾಲ್ಕು ತಿಂಗಳಲ್ಲಿ. ಅಡುಗೆಯವಳಿಗೆ, ಡ್ರೈವರಿಗೆ ಇಲ್ಲ ಅನ್ನಲು ಅಕ್ಕೋರಿಗೆ ಆಗಲಿಲ್ಲ. ನಾಲ್ಕು ಮಳೆಗಾಲದಲ್ಲಿ ತಮ್ಮ ಪಿಂಚಣಿಯಿಂದ 1,86,000 ರೂಪಾಯಿ ಹಾಕಿದ್ದರು. ಎಲ್ಲೂ ಬರೆದಿರಲಿಲ್ಲ. ಸಮಿತಿಗೆ ಗೊತ್ತಿಲ್ಲ. ಮನೆಯವರಿಗೂ ಗೊತ್ತಿಲ್ಲ.

ನಿದ್ದೆ ಯಾಕೆ ಬರುತ್ತಿರಲಿಲ್ಲ ಅಂತ ನನಗೆ ಅರ್ಥವಾಗಿದ್ದು ಆಗ.

ಅಕ್ಕೋರು ಕೇಳಿದ್ದು ಒಂದೇ: "ರಾಜೀನಾಮೆ ಕೊಟ್ಟುಬಿಡಲಾ?" ಬೇಡ ಅಂದೆ. ಈ ಸಲಹೆಯನ್ನು ಹಲವರು ತಪ್ಪು ತಿಳಿದಿದ್ದಾರೆ. ಹಾಗಾಗಿ ಸ್ವಲ್ಪ ವಿವರಿಸುತ್ತೇನೆ. ಅವರು ಅದಕ್ಕೂ ಮೊದಲು ಮೂರು ಸಲ ರಾಜೀನಾಮೆ ಬರೆದಿದ್ದರು. ಮೂರು ಸಲವೂ ಏನಾಯಿತು? ಎರಡು ದಿನದಲ್ಲಿ ನಾಲ್ಕು ಜನ ಮನೆಗೆ ಬಂದರು. ಕಾಫಿ ಆಯಿತು. "ನೀವಿಲ್ಲದೆ ಹೇಗೆ ಅಕ್ಕೋರೇ" ಅಂದರು. ಅಕ್ಕೋರ ಕಣ್ಣು ತುಂಬಿತು, ಪತ್ರ ವಾಪಸ್ ತಗೊಂಡರು. ಸಣ್ಣ ಊರಲ್ಲಿ ರಾಜೀನಾಮೆ ಹೀಗೇ ಕೊನೆಯಾಗುತ್ತದೆ. ಪ್ರೀತಿ ಸಿಗುತ್ತದೆ, ಕೆಲಸ ಮಾತ್ರ ಯಾರೂ ಹಂಚಿಕೊಳ್ಳುವುದಿಲ್ಲ. ಮನಸ್ಸು ಮಾಡಿ ಬಿಟ್ಟೇಬಿಟ್ಟರು ಅಂದುಕೊಳ್ಳಿ, ಬರೆಯದ ಸಾಲ ಬರೆಯದೇ ಉಳಿಯುತ್ತದೆ. ಆ ಮೂವತ್ತೊಂದು ಹಿರಿಯರ ಊಟ ಏನಾಯಿತೋ ಅಂತ ರಾತ್ರಿಯೆಲ್ಲ ಎದ್ದೇ ಇರುತ್ತಾರೆ.

ನಾನು ಹೇಳಿದ್ದು ಬೇರೆ. ಮೊದಲು ಮನೆಯವರಿಗೆ ಹೇಳಿ. ಆಮೇಲೆ ಬೈಲಾ, ಅಂದರೆ ಸಂಸ್ಥೆಯ ನಿಯಮಾವಳಿ ತೆಗೆದು, ಅದರಲ್ಲಿ ಇರುವ ಹಾಗೆ ನೋಟಿಸು ಕೊಟ್ಟು ಒಂದು ನಿಜವಾದ ಸಭೆ ಕರೆಯಿರಿ. ಎಲ್ಲರೂ ಒಂದೇ ಕೋಣೆಯಲ್ಲಿ ಕೂರುವ ಸಭೆ. ಅಲ್ಲಿ ಮೂರೇ ವಿಷಯ ಹೇಳಿ. ಇಷ್ಟು ದುಡ್ಡು ನಾನು ಹಾಕಿದ್ದೇನೆ, ಇದನ್ನು ಏನು ಮಾಡಬೇಕು ಅಂತ ಸಮಿತಿ ತೀರ್ಮಾನಿಸಲಿ. ಇನ್ನು ಮುಂದೆ ಪುಸ್ತಕ ಗಾಡಿಯಲ್ಲಿ ಹೋಗುವುದಿಲ್ಲ. ಮುಂದಿನ ಮಹಾಸಭೆಯವರೆಗೆ ಮಾತ್ರ ನಾನು ಅಧ್ಯಕ್ಷೆ, ಅಷ್ಟರಲ್ಲಿ ಇನ್ನೊಬ್ಬರು ತಯಾರಾಗಲಿ. ಸಾಲವನ್ನು ಲೆಕ್ಕಕ್ಕೆ ತರುವುದು ಹೇಗೆ, ಸಭೆಯೇ ಆಗದೆ ಬರೆದ ನಡಾವಳಿಗಳನ್ನು ಏನು ಮಾಡುವುದು, ಇವೆರಡನ್ನೂ ಆಡಿಟರ್ ಹತ್ತಿರ ಮುಚ್ಚಿಡದೆ ಕೇಳಿ ಅಂದೆ. ನಾನು ವಕೀಲಳಲ್ಲ. ಆದರೆ ಮುಚ್ಚಿಟ್ಟಷ್ಟು ದಿನ ಅದು ಅವರೊಬ್ಬರ ತಲೆ ಮೇಲೇ ಇರುತ್ತದೆ ಅನ್ನುವುದು ಗೊತ್ತಿತ್ತು.

ಆ ಗ್ಯಾಸಿನ ಪ್ರಶ್ನೆಗೆ ಒಂದು ಇಡೀ ಭೇಟಿ ಇಟ್ಟೆವು. ನಾನು ಅಡಿಕೆ ವ್ಯಾಪಾರಿಯಾದೆ. ಗಡುಸಾಗಿ ಕೇಳಿದೆ. ಮೊದಲ ನಾಲ್ಕು ಸಲ ಅಕ್ಕೋರು ತಮ್ಮ ಪ್ರಾಮಾಣಿಕತೆಯ ಬಗ್ಗೆಯೇ ಮಾತಾಡಿದರು. ಹತ್ತು ವರ್ಷದ ದುಡಿಮೆ, ಸ್ವಂತ ದುಡ್ಡು, ಬಿಸಿಯೂಟ. ಐದನೇ ಸಲ, "ಲೆಕ್ಕದ ಪುಸ್ತಕ ಇಲ್ಲಿದೆ, ಬನ್ನಿ ನೋಡೋಣ" ಅಂದರು. ಅದೇ ಸಾಕು ಅಂದೆ. ಲೆಕ್ಕ ಕೇಳುವವರು ಕಳ್ಳರನ್ನು ಹುಡುಕುತ್ತಿರುವುದಿಲ್ಲ. ಲೆಕ್ಕ ಕೇಳುವುದೇ ಸಮಿತಿಯ ಕೆಲಸ. ಕೇಳುವ ಒಬ್ಬರು ಇದ್ದರೆ ಅಧ್ಯಕ್ಷರ ಭಾರ ಅರ್ಧ ಇಳಿಯುತ್ತದೆ. ಇದನ್ನು ನಾನು ಪೂರ್ತಿಯಾಗಿ ನಂಬುತ್ತೇನೆ.

ನನ್ನ ವೃತ್ತಿಯ ಗೆಳತಿಯೊಬ್ಬರು ಇದನ್ನು ಕೇಳಿ ಬೇಸರಪಟ್ಟರು. ಬೈಲಾ, ನೋಟಿಸು, ಕೋರಂ ಎಲ್ಲ ಆಪ್ತಸಲಹೆಗಾರರ ಕೆಲಸವಾ ಅಂತ. ನಮ್ಮ ಕೆಲಸ ಕೇಳಿಸಿಕೊಳ್ಳುವುದು, ದಾರಿಯನ್ನು ಅವರೇ ಹುಡುಕಿಕೊಳ್ಳಬೇಕು ಅಂತ. ಅವರ ಮಾತಿಗೆ ನನ್ನಲ್ಲಿ ಗೌರವವಿದೆ. ಬಹಳ ಪ್ರಕರಣದಲ್ಲಿ ನಾನೂ ಹಾಗೇ ಇರುತ್ತೇನೆ. ಆದರೆ ನಿದ್ದೆ ಕೆಡಿಸುತ್ತಿರುವುದು ಲೆಕ್ಕದ ಪುಸ್ತಕ ಅಂತ ಗೊತ್ತಾದ ಮೇಲೆ, ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳಿಸಲು ನನಗೆ ಮನಸ್ಸು ಬರಲಿಲ್ಲ. ಅದರಿಂದ ಅವರು ಇನ್ನೊಂದು ಮಳೆಗಾಲ ತಡೆದುಕೊಳ್ಳುತ್ತಿದ್ದರು, ಅಷ್ಟೇ.

ಈಗ ಸಮಿತಿಗಳಲ್ಲಿ ಹೆಸರಿರುವ ಓದುಗರಿಗೆ ಹೇಳಬೇಕಾದ್ದು. ನಿಮ್ಮ ಮನೆಗೂ ಇಂಥ ಪುಸ್ತಕ ಬಂದಿರಬಹುದು. ನೀವು ಓದದೆ ಸಹಿ ಹಾಕಿರುತ್ತೀರಿ. ಅನುಮಾನ ಇಲ್ಲ ಅಂತಲೇ ಹಾಕಿರುತ್ತೀರಿ, ಅದು ನಂಬಿಕೆ. ಅಕ್ಕೋರ ಸಮಿತಿಯವರೂ ಹಾಗೇ ಮಾಡಿದ್ದು. ಅವರಲ್ಲಿ ಯಾರೂ ಕೆಟ್ಟವರಲ್ಲ. ಆದರೆ ಅವರು ಸಹಿ ಹಾಕಿದ ಪ್ರತಿ ಸಲ ಆ ಹೆಂಗಸು ಇನ್ನಷ್ಟು ಒಂಟಿಯಾದರು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಒಂದು ಸಂಘ ಕಟ್ಟಲು ಕನಿಷ್ಠ ಏಳು ಜನ ಬೇಕು. ವರ್ಷಕ್ಕೊಮ್ಮೆ ಮಹಾಸಭೆ ಆಗಬೇಕು. ಅದಾದ 14 ದಿನದೊಳಗೆ ಸಮಿತಿಯವರ ಪಟ್ಟಿ, ಲೆಕ್ಕಪತ್ರ ನೋಂದಣಾಧಿಕಾರಿ ಕಚೇರಿಗೆ ಹೋಗಬೇಕು. ಆದಾಯ ತೆರಿಗೆಯ ನೋಂದಣಿಯನ್ನೂ ಮೊದಲಿನ ಹಾಗೆ ಒಮ್ಮೆ ಮಾಡಿಸಿ ಮರೆಯುವಂತಿಲ್ಲ, ಅವಧಿ ಮುಗಿದಾಗ ನವೀಕರಿಸಬೇಕು. ಇಷ್ಟೆಲ್ಲ ಒಬ್ಬರ ಕೈಯಲ್ಲಿ ಆಗಲಿ ಅಂತ ಯಾರೂ ಕಾಯ್ದೆ ಬರೆದಿಲ್ಲ. ಮುಂದಿನ ಸಲ ಪುಸ್ತಕ ಬಂದಾಗ ಡ್ರೈವರಿಗೆ ನೀರು ಕೊಡಿ, ಪುಸ್ತಕ ವಾಪಸ್ ಕಳಿಸಿ. ಫೋನ್ ಮಾಡಿ, "ಸಭೆ ಯಾವತ್ತು, ಬರ್ತೀನಿ" ಅನ್ನಿ. ಅವರಿಗೆ ಮೊದಲು ಬೇಜಾರಾಗಬಹುದು. ಆಗಲಿ. ಹೋಗಿ ಕೂತುಕೊಳ್ಳಿ. ಬ್ಯಾಂಕ್ ಪಾಸ್‌ಬುಕ್ ಕೇಳಿ. ಮಳೆಗಾಲದ ಸಂಬಳ ಎಲ್ಲಿಂದ ಬಂತು ಅಂತ ಕೇಳಿ.

ಅಕ್ಕೋರ ಸಭೆ ಸೆಪ್ಟೆಂಬರ್ ಕೊನೆಯಲ್ಲಿ ನಡೆಯಿತು. ಒಂಬತ್ತರಲ್ಲಿ ಆರು ಜನ ಬಂದರು. ಎಲ್ಲ ಸಲೀಸಾಗಿ ಆಯಿತು ಅಂತ ಹೇಳಲಾರೆ. ಒಬ್ಬ ಹಿರಿಯ ಸದಸ್ಯರು, "ಹಾಗಾದರೆ ನನ್ನ ಸಹಿಗೆ ಬೆಲೆ ಇಲ್ಲವಾ" ಅಂತ ನೊಂದುಕೊಂಡು ಎದ್ದು ಹೋದರು, ಮತ್ತೆ ಬಂದಿಲ್ಲ. ಅಡಿಕೆ ವ್ಯಾಪಾರಿ ಸಿಟ್ಟಾದರು. ದುಡ್ಡಿನ ಮೇಲಲ್ಲ, "ಇಷ್ಟು ದಿನ ಯಾಕೆ ಹೇಳಲಿಲ್ಲ" ಅಂತ. ಅಕ್ಕೋರು ಪುಸ್ತಕ ಮುಂದೆ ಇಟ್ಟರು. ಆತ ಸಂಜೆವರೆಗೆ ಕೂತು ನೋಡಿದರು. ಒಂದೇ ಬಿಲ್ಲು ಎರಡು ಸಲ ಬರೆದಿದ್ದು ಸಿಕ್ಕಿತು, ಒಂಬೈನೂರು ರೂಪಾಯಿ. ಮರುದಿನ ಅಕ್ಕೋರು ಫೋನ್ ಮಾಡಿ ಮೊದಲು ಹೇಳಿದ್ದೇ ಅದನ್ನು. "ತಪ್ಪು ಸಿಕ್ತು ಮೇಡಂ. ಆದ್ರೂ ಯಾರೂ ಏನೂ ಅನ್ನಲಿಲ್ಲ." ಈಗ ಆತನೇ ಖಜಾಂಚಿ. ಕೊಯ್ಲಿನ ಕಾಲದಲ್ಲಿ ಬರುವ ದೇಣಿಗೆಯಲ್ಲಿ ನಾಲ್ಕು ತಿಂಗಳ ಸಂಬಳ ಬೇರೆ ಎತ್ತಿಡಬೇಕು ಅಂತ ಠರಾವಾಗಿದೆ. ಸಾಲ ಲೆಕ್ಕಕ್ಕೆ ಬಂತು. ಫೆಬ್ರವರಿಯಲ್ಲಿ ಮೊದಲ 20,000 ವಾಪಸ್ ಬಂತು. ಅಧ್ಯಕ್ಷರಾಗಲು ಇನ್ನೂ ಯಾರೂ ಮುಂದೆ ಬಂದಿಲ್ಲ, ಹುಡುಕುತ್ತಿದ್ದಾರೆ. ನಿದ್ದೆ ವಾರದಲ್ಲಿ ಐದು ದಿನ ಚೆನ್ನಾಗಿ ಬರುತ್ತದೆ.

ನನ್ನನ್ನು ಕಾಡುತ್ತಿರುವುದು ಮನೆಯ ವಿಷಯ. ಮೊದಲು ಮನೆಯವರಿಗೆ ಹೇಳಿ ಅಂದವಳು ನಾನೇ. ಅವರು ಹೇಳಿದರು. ಆ ಯಜಮಾನರು ಬೈಯಲಿಲ್ಲ. "ಸಂಸ್ಥೆಗೆ ಕೊಟ್ಟಿದ್ದಕ್ಕೆ ಏನಿಲ್ಲ. ನನಗೆ ಹೇಳಬೇಕು ಅಂತ ನಿಂಗೆ ಅನ್ನಿಸಲಿಲ್ವಲ್ಲ" ಅಂದರಂತೆ. ಅದಾದ ಮೇಲೆ ಆ ಮಾತು ಎತ್ತಿಲ್ಲ. ಊಟ, ತೋಟ, ಮೊಮ್ಮಕ್ಕಳ ಮಾತು ಎಲ್ಲ ಇದೆ. ಮೊದಲಿನ ಹಾಗಿಲ್ಲ ಅನ್ನುತ್ತಾರೆ ಅಕ್ಕೋರು. ಅವರೊಬ್ಬರೇ ಹೋಗಿ ಹೇಳುವ ಬದಲು ಇಬ್ಬರನ್ನೂ ಕೂರಿಸಿಕೊಂಡು ಮಾತಾಡಿದ್ದರೆ ಒಳ್ಳೆಯದಿತ್ತಾ ಅಂತ ನಾನು ಯೋಚಿಸುತ್ತೇನೆ. ಮೊನ್ನೆ ಅಕ್ಕೋರೇ ಕೇಳಿದರು, "ಇವರನ್ನೂ ಕರ್ಕೊಂಡು ಬರ್ಲಾ?" ಶನಿವಾರ ಬನ್ನಿ ಅಂದಿದ್ದೇನೆ.