ಬೆಲ್ಲೋಸ್ ಒಡೆಯಲಿಲ್ಲ, ಸಪೋರ್ಟ್ ಬಾಗಿತು: ಏಕೆ?

ಪ್ರಶ್ನೆ: ನಾನು ಸಕ್ಕರೆ ಕಾರ್ಖಾನೆಯೊಂದರಲ್ಲಿ ಫಿಟ್ಟರ್. 300 ಮಿ.ಮೀ. ವ್ಯಾಸದ ಹೊಸ ಸ್ಟೀಮ್ ಲೈನಿಗೆ ಲೋಹದ ಎಕ್ಸ್‌ಪಾನ್ಷನ್ ಜಾಯಿಂಟ್ (ಮಡಿಕೆ ಮಡಿಕೆಯಾದ ಬೆಲ್ಲೋಸ್) ಹಾಕಿ, ನೀರು ತುಂಬಿ ಒತ್ತಡ ಕೊಟ್ಟು ನೋಡುವ ಹೈಡ್ರೋ ಟೆಸ್ಟ್ ಮಾಡಿದೆವು. ಬೆಲ್ಲೋಸ್ ಉದ್ದಕ್ಕೆ ಹಿಗ್ಗಿತು. ಕೊಳವೆ ತಿರುಗುವ ಬೆಂಡಿನ ಬಳಿಯ ಸಪೋರ್ಟ್ ಬಾಗಿತು. ತೆಳು ತಗಡಿನ ಬೆಲ್ಲೋಸ್ ಮಾತ್ರ ಒಡೆಯಲಿಲ್ಲ. ಕಾರಣವೇನು?
– ಓದುಗರೊಬ್ಬರು, ಮಂಡ್ಯ ಜಿಲ್ಲೆ

ಉತ್ತರ: ಉಕ್ಕಿನ ಕೊಳವೆಯ ಉಷ್ಣತೆ 100 ಡಿಗ್ರಿ ಸೆಲ್ಸಿಯಸ್ ಏರಿದರೆ 100 ಮೀಟರ್ ಉದ್ದಕ್ಕೆ ಸುಮಾರು 120 ಮಿ.ಮೀ. ಬೆಳವಣಿಗೆಯಾಗುತ್ತದೆ. ಆ ಬೆಳವಣಿಗೆಯನ್ನು ಹಾರ್ಮೋನಿಯಂ ತಿದಿಯಂತೆ ಮಡಿಚಿಕೊಂಡು ನುಂಗುವುದಷ್ಟೇ ಬೆಲ್ಲೋಸಿನ ಕೆಲಸ. ಒಳಗಿನ ಒತ್ತಡ ಸುತ್ತಳತೆಯನ್ನು ಹಿಗ್ಗಿಸಲು ನೋಡಿದಾಗ ಅದರ ಮಡಿಕೆಗಳು ತಡೆದುಕೊಳ್ಳುತ್ತವೆ; ಒಂದು ಪದರ ಸಾಲದಿದ್ದರೆ ಎರಡು, ಮೂರು ಪದರ ಕೊಡುತ್ತಾರೆ. ಆದ್ದರಿಂದಲೇ ನಿಮ್ಮದು ಒಡೆಯಲಿಲ್ಲ.

ಉದ್ದದ ದಿಕ್ಕಿನ ಮಾತು ಬೇರೆ. ಬೆಲ್ಲೋಸ್ ಇಲ್ಲದ ಲೈನಿನಲ್ಲಿ ಬೆಂಡನ್ನು ಒತ್ತಡ ಹೊರಕ್ಕೆ ತಳ್ಳಿದರೂ ಕೊಳವೆಯ ಗೋಡೆಯೇ ಅದನ್ನು ಎಳೆದು ಹಿಡಿದಿರುತ್ತದೆ. ನಡುವೆ ಬೆಲ್ಲೋಸ್ ಸೇರಿಸಿದೊಡನೆ ಆ ಹಿಡಿತ ಕಡಿದುಹೋಗಿ, ತಳ್ಳುವ ಬಲವೆಲ್ಲ ಆಂಕರಿನ, ಅಂದರೆ ಕೊಳವೆಯನ್ನು ಕದಲದಂತೆ ಹಿಡಿಯುವ ಆಧಾರದ, ಮೇಲೆ ಬೀಳುತ್ತದೆ. ಮಡಿಕೆಗಳ ಸರಾಸರಿ ವ್ಯಾಸವನ್ನು 350 ಮಿ.ಮೀ. ಎಂದಿಟ್ಟುಕೊಳ್ಳಿ: ವಿಸ್ತೀರ್ಣ ಸುಮಾರು 962 ಚದರ ಸೆಂ.ಮೀ. ಗೇಜಿನಲ್ಲಿ ಚದರ ಸೆಂ.ಮೀ.ಗೆ 10 ಕೆ.ಜಿ. ಒತ್ತಡವಿದ್ದಾಗ ತಳ್ಳುವ ಬಲ 9.6 ಟನ್ನು, ಒಂದೂವರೆ ಪಟ್ಟು ಒತ್ತಡದ ಹೈಡ್ರೋ ಟೆಸ್ಟಿನಲ್ಲಿ 14.4 ಟನ್ನು. ಕೊಳವೆಯ ಒಳವ್ಯಾಸವನ್ನಷ್ಟೇ ಹಿಡಿದು ಲೆಕ್ಕ ಹಾಕಿದರೆ ಉತ್ತರ ಕಾಲುಭಾಗಕ್ಕಿಂತ ಹೆಚ್ಚೇ ಕಡಿಮೆ ಬರುತ್ತದೆ. ಕೊಳವೆಯ ತೂಕ ಹೊರಲೆಂದು ನಿಲ್ಲಿಸಿದ ಸಪೋರ್ಟ್ ಈ ಬಲಕ್ಕೆ ಬಾಗದೆ ಇರಲಾರದು.

ಈ ಲೆಕ್ಕವನ್ನು ಕಡೆಗಣಿಸಿದವರು ತೆತ್ತ ಬೆಲೆ ಬಹಳ ದೊಡ್ಡದು. ಇಂಗ್ಲೆಂಡಿನ ಫ್ಲಿಕ್ಸ್‌ಬರೋ ರಾಸಾಯನಿಕ ಕಾರ್ಖಾನೆಯಲ್ಲಿ ಬಿರುಕು ಬಿಟ್ಟ 5ನೇ ರಿಯಾಕ್ಟರನ್ನು ತೆಗೆದು, 4ನೇ ಮತ್ತು 6ನೇ ರಿಯಾಕ್ಟರುಗಳ ನಡುವೆ ಮೂಲೆ ತಿರುಗಿದ 20 ಇಂಚಿನ ಕೊಳವೆಯೊಂದನ್ನು ಎರಡೂ ತುದಿಯ ಬೆಲ್ಲೋಸುಗಳಿಗೆ ಜೋಡಿಸಿ, ಸಾರ್ವೆ ಕಂಬಿಗಳ ಮೇಲೆ ಇರಿಸಿದ್ದರು. ಒತ್ತಡ ಅದನ್ನು ಎಷ್ಟು ಬಲದಿಂದ ತಿರುಚುತ್ತದೆಂದು ಯಾರೂ ಲೆಕ್ಕ ಹಾಕಿರಲಿಲ್ಲ. 1974ರ ಜೂನ್ 1ರಂದು ಆ ಜೋಡಣೆ ಕಿತ್ತುಹೋಗಿ, ಹೊರಬಿದ್ದ ಸೈಕ್ಲೋಹೆಕ್ಸೇನ್ ಆವಿ ಸ್ಫೋಟಿಸಿ 28 ಮಂದಿ ಸತ್ತರು.

ನಿಮ್ಮ ಲೈನ್ ನೇರವಾಗಿದ್ದರೆ ಎರಡೂ ತುದಿಗಳಲ್ಲಿ ಟೆಸ್ಟ್ ಒತ್ತಡಕ್ಕೆ ಲೆಕ್ಕ ಹಾಕಿದ ಮುಖ್ಯ ಆಂಕರ್ ಇರಲೇಬೇಕು. ಬೆಲ್ಲೋಸಿನಿಂದ ಕೊಳವೆಯ ವ್ಯಾಸದ 4 ಪಟ್ಟು ದೂರದೊಳಗೆ ಮೊದಲ ಗೈಡ್ (ಕೊಳವೆ ಉದ್ದಕ್ಕೆ ಮಾತ್ರ ಜಾರುವಂತೆ ಹಿಡಿಯುವ ಆಧಾರ), ಅಲ್ಲಿಂದ 14 ಪಟ್ಟು ದೂರದೊಳಗೆ ಎರಡನೆಯದು ಬರುವುದು ರೂಢಿ. ಗೈಡ್ ಸರಿಯಿಲ್ಲದಿದ್ದರೆ ಕೊಳವೆ ಪಕ್ಕಕ್ಕೆ ಓಡುತ್ತದೆ. ಆಂಕರಿಗೆ ಜಾಗವಿಲ್ಲದ ಕಡೆ ಟೈ ರಾಡ್ (ಎರಡೂ ತುದಿಗಳನ್ನು ಬಿಗಿದು ಹಿಡಿಯುವ ಸರಳು) ಇರುವ ಬೆಲ್ಲೋಸ್ ಹಾಕಬಹುದು. ರಾಡುಗಳೇ ತಳ್ಳುವ ಬಲವನ್ನು ಹೊರುತ್ತವೆ, ಆದರೆ ಅಂಥ ಬೆಲ್ಲೋಸ್ ಲೈನಿನ ಉದ್ದದ ಬೆಳವಣಿಗೆಯನ್ನು ನುಂಗುವುದಿಲ್ಲ, ಅಡ್ಡ ಚಲನೆಗಷ್ಟೇ ಒದಗುತ್ತದೆ. ಸಾಗಾಣಿಕೆಗೆಂದು ಬಿಗಿದು ಬಂದಿರುವ ಪಟ್ಟಿಗಳನ್ನು ಟೈ ರಾಡ್ ಎಂದು ನಂಬಿ ಟೆಸ್ಟ್ ಮಾಡಬೇಡಿ. ಅವು ಆ ಬಲಕ್ಕೆ ತಯಾರಾದವಲ್ಲ.

ಹಿಗ್ಗಿದ ಬೆಲ್ಲೋಸನ್ನು ಜ್ಯಾಕ್ ಹಾಕಿ ಒತ್ತಿ ಮತ್ತೆ ಬಳಸಬಾರದು. ಮಡಿಕೆಗಳ ನಡುವಿನ ಅಂತರವನ್ನು ಸುತ್ತಲೂ ಅಳೆದು, ತಯಾರಕರ ನಕ್ಷೆಗೆ ಹೊಂದದಿದ್ದರೆ ಹೊಸದನ್ನೇ ತರಿಸಿ, ಆಂಕರ್ ಗಟ್ಟಿಯಾದ ಮೇಲೆಯೇ ಲೈನಿಗೆ ನೀರು ತುಂಬಿಸಿ.